ಭಾನುವಾರದ ತನಕದ ಮಾತ್ರೆ

ಗಂಟು ಬಿಚ್ಚಿಕೊಂಡಿತು, ಎರಡೇ ಬೆರಳಿಗೆ, ರೇಷ್ಮೆಯ ಪಟ್ಟಿ ಜಾರಿ ಮಗುವಿನ ಟೋಪಿ ನನ್ನ ಅಂಗೈಗೆ ಬಂತು, ಬೋರ್ಗ್‌ಹಿಲ್ಡ್ ನೋಡಿದಳೇ, ನೋಡಿದಳು, ನನ್ನ ತಂಗಿ ಚರ್ಚಿನ ಮೊದಲ ಬೆಂಚಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಾಳೆ, ಬೀಳಲಿ ಎಂದು ಕಾಯುವವಳ ಹಾಗೆ, ಹೋದ ವಾರ ಕಾಫಿಗೆ ಕೂತಾಗ ಅವಳೇ ಅಂದಿದ್ದಳು — ನನ್ನ ಮೊಮ್ಮಗಳನ್ನ ಇವಳ ಕೈಗೆ ಕೊಡೋದಾ, ಕಾಫಿ ಲೋಟಾನೇ ನಿಲ್ಲಲ್ಲ ಆ ಕೈಲಿ, ಕೆಳಗೊಂದು ದಿಂಬು ಹಿಡ್ಕೊಂಡು ನಾನೇ ನಿಂತಿರ್ತೀನಿ ಬಿಡಿ — ಎಲ್ಲರೂ ನಕ್ಕರು, ನಾನೂ ನಕ್ಕೆ, ಹನ್ನೆರಡು ವರ್ಷ ಹೀಗೆ ನಕ್ಕಿದ್ದೇನೆ. ಸಂಧಿವಾತ ಬೆರಳುಗಳನ್ನು ಬೇರಿನ ಹಾಗೆ ತಿರುಚಿತ್ತು, ಗುಂಡಿ ಹಾಕಲು ನೆರೆಮನೆಯವಳು ಬರಬೇಕಿತ್ತು, ನಂಟರ ಮಕ್ಕಳನ್ನು ತೋರಿಸುತ್ತಿದ್ದರು, ಎತ್ತಲು ಕೊಡುತ್ತಿರಲಿಲ್ಲ. ಆಮೇಲೆ ದೇವರು ಈ ಮಾತ್ರೆ ಕಳಿಸಿದ, ಜ್ಯಾಕ್ ಎಂಬ ಕಿಣ್ವವನ್ನು ತಡೆಯುವ ಮಾತ್ರೆ, ದಿನಕ್ಕೊಂದು. ನರ್ಸ್ ತೂರುನ್ ಕೈ ಹಿಡಿದು ಹೇಳಿದ್ದಳು, ನಿಮ್ಮ ಮೈಯ ಕಾವಲಿನವರು ನಿಮ್ಮ ಕೀಲನ್ನೇ ಕಳ್ಳ ಅಂದ್ಕೊಂಡು ಬಡೀತಿದಾರೆ ಗುಡ್‌ವೈಗ್, ಅವರಿಗೆ ಅಪ್ಪಣೆ ಮುಟ್ಟಿಸೋ ಬಾಯನ್ನ ಇದು ಮುಚ್ಚುತ್ತೆ, ಆದ್ರೆ ನಿಜವಾದ ಕಳ್ಳ ಬಂದ್ರೂ ಅವರು ಸುಮ್ನಿರ್ತಾರೆ, ಸರ್ಪಸುತ್ತು ಏಳ್ಬಹುದು, ಚಿಕ್ಕಂದಿನ ಸೀತಾಳೆ ಸಿಡುಬಿನ ಬೀಜಾನೇ ಅದು, ಒಳಗೆ ಮಲಗಿರುತ್ತೆ, ನೀರುಗುಳ್ಳೆ ಕಂಡ ದಿನವೇ ಮಾತ್ರೆ ನಿಲ್ಸಿ ನನಗೆ ಫೋನ್ ಮಾಡಿ, ಆ ನೀರು ಸೀತಾಳೆ ಆಗದವರಿಗೆ ತಾಗಬಾರದು. ಮೂರು ವಾರದಲ್ಲಿ ನಾನು ಆಲೂಗಡ್ಡೆ ಸುಲಿದೆ, ಸುಲಿಯುತ್ತ ಕೀರ್ತನೆ ಹಾಡಿದೆ. ಬೋರ್ಗ್‌ಹಿಲ್ಡಳ ಮಗಳು ಇಂಗ್‌ವಿಲ್ಡ್ ಫೋನು ಮಾಡಿ ಕೇಳಿದಳು, ದೊಡ್ಡಮ್ಮ, ನನ್ನ ಮಗೂಗೆ ನೀನೇ ಧರ್ಮತಾಯಿ, ದೀಕ್ಷಾಸ್ನಾನದ ಭಾನುವಾರ ನೀನೇ ಎತ್ಕೊಂಡು ಬರ್ಬೇಕು, ಅಮ್ಮ ಏನಾದ್ರೂ ಅಂದ್ಕೊಳ್ಳಲಿ. ಬುಧವಾರ ಎಡಗಡೆ ಕೊರಳೆಲುಬಿನ ಕೆಳಗೆ ಉರಿ, ಗುರುವಾರ ಬೆಳಿಗ್ಗೆ ಕನ್ನಡಿಯಲ್ಲಿ ಸಾಲುಗುಳ್ಳೆ. ಮಾತ್ರೆ ಬಿಟ್ಟರೆ ನಾಲ್ಕು ದಿನಕ್ಕೆ ಬೆರಳು ಮತ್ತೆ ಕಚ್ಚಿಕೊಳ್ಳುತ್ತವೆ, ಒಮ್ಮೆ ಬಿಟ್ಟು ನೋಡಿದ್ದೆ, ಹಾಗಾಗಿ ಫೋನು ಮಾಡಲಿಲ್ಲ, ಭಾನುವಾರದ ತನಕ ಕರ್ತನೇ, ಸೋಮವಾರ ನಾನೇ ಮಾಡುತ್ತೇನೆ, ಎಂದು ಮೊಣಕಾಲೂರಿ ಪ್ರಾರ್ಥಿಸಿ ನುಂಗಿದೆ, ಶುಕ್ರವಾರ ನುಂಗಿದೆ, ಶನಿವಾರ, ಇವತ್ತೂ. ಗುಳ್ಳೆಯ ಮೇಲೆ ಪಟ್ಟಿ ಕಟ್ಟಿ, ಅದರ ಮೇಲೆ ಹಬ್ಬದ ನಾರುಬಟ್ಟೆಯ ಅಂಗಿ, ಅದರ ಮೇಲೆ ಅಮ್ಮನ ಬೆಳ್ಳಿ ಪದಕ, ಪದಕವಿಲ್ಲದೆ ಹಬ್ಬದ ಉಡುಪು ತೊಟ್ಟರೆ ಫಿಯೋರ್ಡ್ ಕೊಲ್ಲಿಯ ಎರಡೂ ದಡ ಮಾತಾಡುತ್ತವೆ, ಅದರ ಪಿನ್ನು ಚುಚ್ಚುವಾಗ ಕಣ್ಣು ಕತ್ತಲಿಟ್ಟಿತು, ಚುಚ್ಚಿದೆ.

ಈ ಮಗುವಿನ ಹೆಸರೇನು, ಪಾದ್ರಿ ಕೇಳುತ್ತಾರೆ, ಸುನ್ನಿವಾ, ಇಂಗ್‌ವಿಲ್ಡಳ ದನಿ ನಡುಗುತ್ತದೆ, ನನ್ನ ಕೈ ನಡುಗುವುದಿಲ್ಲ, ನೀರು ಒಂದು ಸಲ, ಎರಡು, ಮೂರು, ಆರು ವಾರದ ಕೂಸು ಬಾಯಿ ಬಿಟ್ಟು ಅತ್ತಿತು — ಇಂಗ್‌ವಿಲ್ಡಳೂ ಹೀಗೇ ಅಳುತ್ತಿದ್ದಳು, ಆರು ವರ್ಷದವಳಿದ್ದಾಗ ನಾನೇ ಎಳೆದುಕೊಂಡು ಹೋಗಿದ್ದೆ, ಆಚೆ ತೋಟದ ಮನೆಯಲ್ಲಿ ಮೂವರಿಗೆ ಸೀತಾಳೆ, ಚಿಕ್ಕಂದಿನಲ್ಲೇ ಆಗಿಹೋಗಲಿ ಎಂದು ಊರಿನ ಮಕ್ಕಳನ್ನೆಲ್ಲ ಒಂದೇ ಹಾಸಿಗೆಗೆ ಹತ್ತಿಸಿ ಒಂದೇ ಚಮಚೆಯಲ್ಲಿ ಜಾಮು ತಿನ್ನಿಸಿದರು, ಎಲ್ಲರಿಗೂ ಬಂತು, ಇವಳಿಗೆ ಬರಲಿಲ್ಲ. ಬಸಿರಿನಲ್ಲಿ ರಕ್ತಪರೀಕ್ಷೆ ಮಾಡಿಸಿದ ಸೂಲಗಿತ್ತಿ ಹೇಳಿದಳಂತೆ, ಇಂಗ್‌ವಿಲ್ಡ್ ಫೋನಿನಲ್ಲಿ ನಕ್ಕಳು, ದೊಡ್ಡಮ್ಮ, ನಿನ್ನ ಜಾಮು ದಂಡ, ನನಗೆ ಸೀತಾಳೆ ಆಗೇ ಇಲ್ವಂತೆ, ಹೊಟ್ಟೇಲಿರೋದಕ್ಕೂ ನನ್ನಿಂದ ಕಾಪು ಇಲ್ವಂತೆ, ಎಳೆಕೂಸಿಗೆ ಬಂದ್ರೆ ಜೀವಕ್ಕೇ ಕಷ್ಟ, ಎಲ್ಲಾದ್ರೂ ತಾಗಿದ್ರೆ ಅವತ್ತೇ ಓಡಿ ಬಾ, ಇಂಜೆಕ್ಷನ್ ಇದೆ ಅಂದ್ಲು. ಅವತ್ತೇ. ಇವತ್ತು. ಗುರುವಾರ ಇದು ನೆನಪಿರಲಿಲ್ಲವೇ, ಇತ್ತು, ಕರ್ತನೇ ನಿನಗೆ ಸುಳ್ಳು ಹೇಳಲಾರೆ, ಇತ್ತು, ಪಟ್ಟಿ ಗಟ್ಟಿಯಾಗಿದೆ ಎಂದುಕೊಂಡೆ. ಈಗ ಪದಕದ ಕೆಳಗೆ ಪಟ್ಟಿ ಸುರುಳಿ ಸುತ್ತಿ ಜಾರಿದೆ, ಗುಳ್ಳೆ ಒಡೆದ ನೀರಿಗೆ ಅಂಗಿ ತಣ್ಣಗೆ ಅಂಟುತ್ತಿದೆ, ಇಂಗ್‌ವಿಲ್ಡ್ ಒಂದು ಮಾರಿನಾಚೆ ನಿಂತಿದ್ದಾಳೆ, ಬಗ್ಗಿ ಒಂದು ಮಾತು ಹೇಳಿದರೆ ಸಾಕು, ಹೇಳಿದರೆ ಬೋರ್ಗ್‌ಹಿಲ್ಡ್ ಎದ್ದು ಬಂದು ಎರಡೂ ಕೈ ಚಾಚುತ್ತಾಳೆ, ನಾನು ಅವತ್ತೇ ಹೇಳ್ಲಿಲ್ವಾ ಅನ್ನುತ್ತಾಳೆ, ಮತ್ತೆ ಯಾವ ಮಗುವನ್ನೂ ನನಗೆ ಯಾರೂ ಕೊಡುವುದಿಲ್ಲ, ಎಲ್ಲರೂ ಹಾಡುತ್ತಿರುವ ಈ ಕೀರ್ತನೆ ಮುಗಿಯಲಿ, ನಾಲ್ಕು ಚರಣ, ಅಷ್ಟೇ, ಆಮೇಲೆ — ಅಳು ನಿಂತಿತು. ಹೇಗೆ ನಿಂತಿತು. ನೋಡು, ಇವಳ ಕೈಲಿ ಎಷ್ಟು ಸುಮ್ಮನಾಯ್ತು ಕೂಸು, ಹಿಂದಿನ ಬೆಂಚಿನಲ್ಲಿ ಯಾರೋ ಅಂದರು, ಬೋರ್ಗ್‌ಹಿಲ್ಡ್ ತಲೆ ತಗ್ಗಿಸಿದಳು, ಅವಳು ತಲೆ ತಗ್ಗಿಸಿದ್ದನ್ನು ನಾನು ಕಂಡೆ, ಎಷ್ಟು ಸಿಹಿ, ಮಗು ಮುಖ ತಿರುಗಿಸಿ ಎದೆ ಹುಡುಕಿದೆ, ನನ್ನ ಅಂಗಿಯ ಒದ್ದೆಯ ಜಾಗವನ್ನು ತುಟಿಯಲ್ಲಿ ಹಿಡಿದಿದೆ, ಚೀಪುತ್ತಿದೆ, ಎರಡನೆಯ ಚರಣ, ಎಳೆಯಬೇಕು, ಎಳೆದರೆ ಅಳುತ್ತದೆ, ಅತ್ತರೆ ನೋಡುತ್ತಾರೆ, ಒದ್ದೆ ಬಟ್ಟೆ, ಸಣ್ಣ ತುಟಿ, ಮೂರನೆಯ ಚರಣ, ಒದ್ದೆ ಬಟ್ಟೆ, ಸಣ್ಣ ತುಟಿ, ಚೀಪುತ್ತಿದೆ,