ಪ್ರೊಸೆಸರಿನ ಹಣೆ

ಮಸ್ಕಿಯ ಕರಿಬಸಯ್ಯನವರಿಗೆ ಯಂತ್ರಗಳ ಬಗ್ಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಅವುಗಳಿಗೆ ವಿಭೂತಿ ಹಚ್ಚುವುದು. ತುರ್ವಿಹಾಳದ ಭತ್ತ ಕೊಯ್ಯುವ ಮಷಿನ್ನಿರಲಿ, ಮುದಗಲ್ಲಿನ ಹಿಟ್ಟಿನ ಗಿರಣಿಯಿರಲಿ, ಯಾರದೋ ಹೊಸ ಟ್ರ್ಯಾಕ್ಟರಿರಲಿ, ಹಣೆಗೆ ಮೊದಲ ಮೂರು ಪಟ್ಟೆ ಎಳೆಯುವ ಬೆರಳು ಅಯ್ಯನವರದೇ. ಅವೆಲ್ಲ ಚೆನ್ನಾಗಿಯೇ ಓಡುತ್ತಿದ್ದವು. ಡೀಸೆಲ್ಲಿನ ಪಾತ್ರವೂ ಸ್ವಲ್ಪ ಇರಬಹುದೆಂಬ ಅನುಮಾನ ಅವರಿಗೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಮನೆಯಲ್ಲಿ ಮಾತ್ರ ಆ ಕೈಗುಣಕ್ಕೆ ಕಿಮ್ಮತ್ತಿಲ್ಲ. ಮಿಕ್ಸರ್ ಬಿಚ್ಚಿ ಜೋಡಿಸಿದಾಗ ಮೂರು ಸ್ಕ್ರೂ ಮಿಕ್ಕಿದ್ದವು. ಫ್ಯಾನು ಅವರ ರಿಪೇರಿಯಾದ ಮೇಲೆ ಗಾಳಿ ಬಿಟ್ಟು ಬರೀ ಸದ್ದು ಕೊಡುತ್ತಿತ್ತು. ಹಾಗಾಗಿ ಹೆಂಡತಿ ಶೇಖರಮ್ಮ, ಕನ್ನಡ ಶಾಲೆಯ ನಿವೃತ್ತ ಟೀಚರು, ಕಟ್ಟಪ್ಪಣೆ ಮಾಡಿದ್ದರು: "ಮನ್ಯಾಗ ಏನರ ಬಿಚ್ಚ್ರಿ. ನನ್ನ ಕಂಪ್ಯೂಟರಿಗೆ ಕೈ ಹಚ್ಚಬ್ಯಾಡ್ರಿ."

ಆ ಕಂಪ್ಯೂಟರಿನಲ್ಲಿ ಶೇಖರಮ್ಮನ ಜೀವವಿತ್ತು. ಊರೂರು ತಿರುಗಿ ಮುದುಕಿಯರ ಬಾಯಿಂದ ಬರೆದುಕೊಂಡ ಬೀಸುವ ಪದಗಳನ್ನು ಎರಡು ವರ್ಷ ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಅದರಲ್ಲಿ ತುಂಬಿದ್ದರು. ಇನ್ನೂರ ಅರವತ್ತಾಗಿದ್ದವು, ನಲವತ್ತು ಬಾಕಿ. ಲಿಂಗಸುಗೂರಿನ ಪ್ರೆಸ್ಸಿನವನು ಶನಿವಾರದೊಳಗೆ ಕೊಡಬೇಕೆಂದಿದ್ದ. ತಪ್ಪಿದರೆ ಮದುವೆ ಸೀಜನ್ನು ಶುರು, ಎರಡು ತಿಂಗಳು ಲಗ್ನಪತ್ರಿಕೆ ಬಿಟ್ಟು ಬೇರೆ ಕಾಗದ ಮುಟ್ಟುವುದಿಲ್ಲ. ಎರಡು ತಿಂಗಳು ಕಾಯುವ ಧೈರ್ಯ ಶೇಖರಮ್ಮನಿಗೆ ಇರಲಿಲ್ಲ. ಅರ್ಧ ಪುಸ್ತಕದಷ್ಟು ಪದ ಹಾಡಿದ ವಳಕಮದಿನ್ನಿಯ ಪಕೀರಮ್ಮನಿಗೆ ತೊಂಬತ್ತು ದಾಟಿತ್ತು. "ಪುಸ್ತಕ ಕೈಯಾಗ ಹಿಡದ ಸಾಯ್ತೀನಿ, ಲಗೂನ ತಾ ಯವ್ವಾ" ಎಂದು ಆಕೆ ಎರಡು ಸಲ ಹೇಳಿ ಕಳಿಸಿದ್ದಳು.

ಭಾನುವಾರ ಶೇಖರಮ್ಮ ತಂಗಿಯ ಮನೆಗೆಂದು ಮುದಗಲ್ಲಿಗೆ ಹೋದರು. ಕಂಪ್ಯೂಟರಿನ ಒಳಗಿನ ಫ್ಯಾನು ಎರಡು ದಿನದಿಂದ ಗೊರಗೊರ ಅನ್ನುತ್ತಿತ್ತು. ಧೂಳು ಕೂತಿದೆ, ಒರೆಸಿಟ್ಟರೆ ಹೆಂಡತಿ ಮೆಚ್ಚಿಯಾಳು ಅಂದುಕೊಂಡ ಅಯ್ಯನವರು ಪೆಟ್ಟಿಗೆಯ ಬಗಲು ಬಿಚ್ಚಿದರು. ಒರೆಸಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವರು ಫ್ಯಾನನ್ನೂ ಅದರ ಕೆಳಗಿನ ಲೋಹದ ಗಟ್ಟಿಯನ್ನೂ ಕಿತ್ತು ಹೊರತೆಗೆದರು. ಕೆಳಗೆ ಚೌಕಾದ ಪ್ರೊಸೆಸರು. ಅದರ ಮೇಲೆ ಬೂದುಬಣ್ಣದ್ದೇನೋ ಒಣಗಿ ಪುಡಿಪುಡಿಯಾಗಿತ್ತು.

ಅಯ್ಯನವರ ಕಣ್ಣು ಒದ್ದೆಯಾಯಿತು. ಎಲ್ಲೋ ದೂರದ ಫ್ಯಾಕ್ಟರಿಯಲ್ಲಿ ಯಾವ ಪುಣ್ಯಾತ್ಮನೋ ಯಾರಿಗೂ ಕಾಣದ ಜಾಗದಲ್ಲಿ ವಿಭೂತಿ ಹಚ್ಚಿ ಕಳಿಸಿದ್ದಾನೆ! ಒಣಗಿದೆಯಲ್ಲ, ಅದಕ್ಕೇ ಯಂತ್ರ ಗೊರಗುಡುತ್ತಿದೆ. ಹಳೆಯದನ್ನು ಶಲ್ಯದ ತುದಿಯಿಂದ ಒರೆಸಿದರು. ಗಟ್ಟಿ ವಿಭೂತಿಯನ್ನು ನೀರಿನಲ್ಲಿ ತೇಯ್ದು, ಕಿರುಬೆರಳಿನಿಂದ ಮೂರು ಪಟ್ಟೆ ಎಳೆದು, ನಡುವೆ ಒಂದು ಕುಂಕುಮದ ಬೊಟ್ಟನ್ನೂ ಇಟ್ಟರು. ಆರಿದ ಮೇಲೆ ಎಲ್ಲ ಕೂಡಿಸಿದರು. ಒಂದು ಸ್ಕ್ರೂ ಕೂಡ ಮಿಕ್ಕಲಿಲ್ಲ.

ಸೋಮವಾರ ಶೇಖರಮ್ಮ ಟೈಪಿಗೆ ಕೂತರು. ನಾಲ್ಕು ನಿಮಿಷಕ್ಕೆ ಕಂಪ್ಯೂಟರು ಟಪ್ ಎಂದು ಆರಿತು. ಮತ್ತೆ ಚಾಲೂ ಮಾಡಿದರು, ಮತ್ತೆ ನಾಲ್ಕು ನಿಮಿಷ. ಮೂರು ಸಾಲಿನ ಪದದಲ್ಲಿ ಎರಡು ಸಾಲು ಮುಗಿಯುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು.

"ಕರೆಂಟಿಂದ ಇರಬೇಕು" ಎಂದರು ಅಯ್ಯನವರು.

"ಲೈಟು ಉರಿಯಾಕತ್ತೈತಲ್ಲರಿ."

"ಅದು ಬ್ಯಾರೆ ಕರೆಂಟು."

ಊರಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮಲ್ಲೇಶ ಬಂದ. "ರ‍್ಯಾಮ್ ಸಣ್ಣದಾತ್ರಿ ಅಮ್ಮಾರ, ದೊಡ್ಡದು ಹಾಕ್ತೀನಿ" ಎಂದು ಹಾಕಿದ. ಕಂಪ್ಯೂಟರು ಮೊದಲಿಗಿಂತ ಬೇಗ ತೆರೆಯಿತು, ನಾಲ್ಕೇ ನಿಮಿಷಕ್ಕೆ ಆರಿತು. ಮಂಗಳವಾರ ಕರೆಂಟು ಹಂಚುವ ಡಬ್ಬಿಯನ್ನೇ ಹೊಸದು ಹಾಕಿದ. ಅದೇ ನಾಲ್ಕು ನಿಮಿಷ. ಫ್ಯಾನು ತಿರುಗುತ್ತಲೇ ಇತ್ತು, ಹಾಗಾಗಿ ಅದರ ಬುಡ ನೋಡುವ ಯೋಚನೆ ಅವನಿಗೆ ಬರಲಿಲ್ಲ. "ಬಿಸಿ ಭಾಳ ಆಗಾಕತ್ತೈತ್ರಿ, ನನಗ ತಿಳೀವಲ್ದು" ಎಂದು ತಲೆ ಕೆರೆದುಕೊಂಡ. ಅಯ್ಯನವರು ಯಂತ್ರದ ಕ್ಷೇಮಕ್ಕಾಗಿ ಇನ್ನಷ್ಟು ವಿಭೂತಿಯನ್ನು ಪೆಟ್ಟಿಗೆಯ ಹೊರಗೂ ಹಚ್ಚಿದರು.

ಬುಧವಾರ ಶೇಖರಮ್ಮ ಪದದ ವಹಿಯನ್ನು ಎದೆಗವಚಿಕೊಂಡು ಅತ್ತೇಬಿಟ್ಟರು. ಮದುವೆಯಾದಾಗಿನಿಂದ ಹೆಂಡತಿಯ ಬೈಗುಳ ಕೇಳಿ ಗಟ್ಟಿಯಾಗಿದ್ದ ಅಯ್ಯನವರಿಗೆ ಈ ಅಳು ತಡೆಯಲಾಗಲಿಲ್ಲ. ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ, ಇಬ್ಬರೂ ಸಿಂಧನೂರಿನ ಬಸ್ಸು ಹತ್ತಿದರು. ಪಕ್ಕದ ಸೀಟಿನ ಮುದುಕಿ, ಅಯ್ಯನವರ ತೊಡೆಯ ಮೇಲಿದ್ದದ್ದು ದೇವರ ಪೆಟ್ಟಿಗೆಯೆಂದು ತಿಳಿದು ಮೂರು ಸಲ ಕೈ ಮುಗಿದಳು. ಅವರೂ ಬೇಡ ಅನ್ನಲಿಲ್ಲ.

ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದವಳು ನಂದಿನಿ, ಪಕೀರಮ್ಮನ ಮೊಮ್ಮಗಳು. "ನಮ್ಮ ಆಯಿ ಪುಸ್ತಕದ ಕಂಪ್ಯೂಟರೇನ್ರಿ ಇದು?" ಎಂದು ಬೇರೆಲ್ಲ ಕೆಲಸ ಬದಿಗಿಟ್ಟಳು. ಬಗಲು ಬಿಚ್ಚಿ, ಬೆರಳಿಟ್ಟು ಬಿಸಿ ನೋಡಿ, ನೇರವಾಗಿ ಫ್ಯಾನಿಗೇ ಕೈ ಹಾಕಿದಳು. ಅಯ್ಯನವರು ಬಾಗಿಲ ಕಡೆ ನೋಡತೊಡಗಿದರು.

ಫ್ಯಾನು ಕಳಚಿ ಬಂತು. ನಂದಿನಿ ಒಳಗೆ ನೋಡಿದಳು. ಮೂರು ಪಟ್ಟೆ, ನಡುವೆ ಬೊಟ್ಟು. ತಲೆ ಎತ್ತಿ ಅಯ್ಯನವರ ಹಣೆ ನೋಡಿದಳು. ಮೂರು ಪಟ್ಟೆ, ನಡುವೆ ಬೊಟ್ಟು.

"ಇಲ್ಲಿ ಬಿಸಿ ಎಳಿಯೋ ಪೇಸ್ಟ್ ಇರ್ಬೇಕ್ರಿ" ಎಂದಳು ಮೆಲ್ಲಗೆ. "ಯಾರೋ ಅದನ್ನ ವರಸಿ ಬ್ಯಾರೆ ಏನೋ ಹಚ್ಚ್ಯಾರ."

"ಆ ಮಲ್ಲೇಶ!" ಶೇಖರಮ್ಮ ಚೀಲದಿಂದ ಫೋನು ಎಳೆದರು. "ಮಸ್ಕ್ಯಾಗ ಒಬ್ರೂ ಅವನ ಅಂಗಡಿ ಕಟ್ಟಿ ಹತ್ತಬಾರ್ದು, ಹಂಗ ಮಾಡ್ತೀನಿ."

ಸುಮ್ಮನಿದ್ದರೆ ಸಾಕಿತ್ತು. ಪಾಪದ ಮಲ್ಲೇಶ ಬೈಸಿಕೊಳ್ಳುತ್ತಿದ್ದ, ಅಯ್ಯನವರು ಉಳಿಯುತ್ತಿದ್ದರು. ಆದರೆ ಮಲ್ಲೇಶನ ಅಂಗಡಿಯ ಹೊಸ್ತಿಲ ಪೂಜೆ ಮಾಡಿ ನಿನಗೆ ಒಳ್ಳೇದಾಗಲಿ ಎಂದು ಹರಸಿದವರೂ ಅವರೇ.

"ಫೋನ್ ಇಡು, ಶೇಖರಿ" ಎಂದರು. "ನಾನ ಹಚ್ಚೀನಿ."

"ಏನ್ ಹಚ್ಚೀರಿ?"

"ವಿಭೂತಿ. ಮೊದ್ಲ ಹಚ್ಚಿತ್ತು, ಒಣಗಿತ್ತು. ಹೊಸಾದು ಹಚ್ಚಿದೆ."

ನಂದಿನಿ ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಹೆಗಲು ಕುಲುಕುತ್ತಿತ್ತು. ಶೇಖರಮ್ಮ ಫೋನನ್ನು ಮತ್ತೆ ಚೀಲಕ್ಕೆ ತುರುಕಿದರು. ಇಷ್ಟು ದೊಡ್ಡ ದಡ್ಡತನಕ್ಕೆ ಒಪ್ಪುವ ಬೈಗುಳ ಅವರ ಹತ್ತಿರ ಇರಲಿಲ್ಲ.

ಸ್ಪಿರಿಟ್ಟಿನ ಹತ್ತಿ ಹಿಡಿದ ನಂದಿನಿ ಅಳುಕಿದಳು. "ಅಯ್ಯಾರ, ವಿಭೂತಿ ನಾ ಹೆಂಗ ಅಳಸ್ಲಿ? ನೀವ ವರಸಿಬಿಡ್ರಿ."

ನಲವತ್ತು ವರ್ಷ ಹಚ್ಚಿದ್ದೇ ಹಚ್ಚಿದ್ದು, ಯಾವ ಹಣೆಯಿಂದಲೂ ಒರೆಸಿ ಗೊತ್ತಿಲ್ಲದ ಕೈ. ಅಯ್ಯನವರು ಹತ್ತಿ ತೆಗೆದುಕೊಂಡು, ಪ್ರೊಸೆಸರು ಮಿಂಚುವ ತನಕ ಒರೆಸಿದರು. ನಂದಿನಿ ಕಡಲೆಕಾಳಿನಷ್ಟು ಪೇಸ್ಟು ಇಟ್ಟು ಫ್ಯಾನು ಕೂಡಿಸಿದಳು. ಕಂಪ್ಯೂಟರು ನಾಲ್ಕು ನಿಮಿಷ ಓಡಿತು. ಐದು ಓಡಿತು. ಚಹಾ ಬಂದು ಕುಡಿದು ಮುಗಿಸಿದರೂ ಓಡುತ್ತಲೇ ಇತ್ತು.

ಗುರುವಾರ, ಶುಕ್ರವಾರ ಅಯ್ಯನವರು ವಹಿ ಹಿಡಿದು ಓದಬೇಕು, ಶೇಖರಮ್ಮ ಕುಟ್ಟಬೇಕು, ಅದೇ ಶಿಕ್ಷೆ. ಮನೆಯಲ್ಲಿ ಬೇರೆ ಮಾತಿಲ್ಲ. ಶನಿವಾರ ಪದಗಳು ಲಿಂಗಸುಗೂರು ಮುಟ್ಟಿದವು.

ಹದಿನೈದು ದಿನಕ್ಕೆ ಪುಸ್ತಕ ಬಂತು. ವಳಕಮದಿನ್ನಿಯ ಪಡಸಾಲೆಯಲ್ಲಿ ಪಕೀರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, ಕಣ್ಣಿಗೊತ್ತಿಕೊಂಡಳು. ಆಮೇಲೆ ಅಯ್ಯನವರ ಕೈಗೆ ಕೊಟ್ಟಳು. "ಯಾವ್ದರ ಒಂದು ಓದ್ರಿ ಅಯ್ಯಾರ, ನಿಮ್ಮ ದನಿ ಚಲೋ ಐತಿ."

"ಕಡೀದು ಓದ್ರಿ" ಎಂದರು ಶೇಖರಮ್ಮ.

ಕಡೆಯದು ಮುನ್ನೂರ ಒಂದನೆಯದು. ಅಯ್ಯನವರು ಓದಿ ಕೊಟ್ಟದ್ದು ಮುನ್ನೂರಕ್ಕೇ ಮುಗಿದಿತ್ತು. ಅವರು ರಾಗ ಹಿಡಿದು ಶುರುಮಾಡಿದರು, ನಡುವೆ ನಿಲ್ಲಿಸಲು ಬರಲಿಲ್ಲ.

ಕಣ್ಣಿಲ್ಲದ ಪೆಟ್ಟೀಗೆ ಹಣಿಯುಂಟು ಅಂತ್ಹೇಳಿ
ಬೆಣ್ಣ್ಯಂಥ ವಿಭೂತಿ ಬಳದಾನ – ನನರಾಯ
ಸಣ್ಣ ಮಾರೀ ಮಾಡಿ ಕುಂತಾನ

ಪಕೀರಮ್ಮ ಹಲ್ಲಿಲ್ಲದ ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇದು ನಾ ಹಾಡಿದ್ದಲ್ಲ. ಯಾರ ಮನೀದೋ, ಭಾಳ ಚಲೋ ಐತಿ. ಇನ್ನೊಮ್ಮೆ ಓದ್ರಿ."

ಅಯ್ಯನವರು ಹೆಂಡತಿಯ ಮುಖ ನೋಡಿದರು. ಎರಡು ವಾರದಲ್ಲಿ ಮೊದಲ ಸಲ ಶೇಖರಮ್ಮ ನಗುತ್ತಿದ್ದರು. ಅಯ್ಯನವರು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹಾಡಿದರು.