ತಾಯಿ ಮಗು ಇಬ್ಬರೂ ಕ್ಷೇಮ

ನಾಲ್ಕನೆಯ ಸಲವೂ ದೊಡ್ಡ ಮದರ್ ಪುಸ್ತಕದ ಕರಡಿನಲ್ಲಿ ಆ ಸಾಲನ್ನು ಹೊಡೆದು ಹಾಕಿದಳು. ಕೆಂಪು ಪೆನ್ಸಿಲಿನ ಮೊನೆ ಮುರಿಯಿತು. ಮುರಿಯಲಿ. ‘ಕರುಣಾಮಯಿಯಾದ ಯುವ ಸಿಸ್ಟರ್ ಓಡಿ ಬಂದು ಹೆರಿಗೆ ಮಾಡಿಸಿದರು, ತಾಯಿ ಮಗು ಇಬ್ಬರೂ ಕ್ಷೇಮ.’ ಮೂರು ಸಲ ಹೊಡೆದು ಕಳಿಸಿದ್ದಳು. ಮೂರು ಸಲವೂ ಅದು ಅಂದವಾಗಿ ಟೈಪಾಗಿ ವಾಪಸು ಬಂದಿತ್ತು. ಬೋರ್ಗಲ್ಲ ಮೇಲೆ ನೀರು ಸುರಿದ ಹಾಗೆ.

ಆ ಯುವ ಸಿಸ್ಟರ್ ಈಕೆಯೇ. ಐವತ್ತು ವರ್ಷದ ಹಿಂದೆ, ಸನ್ಯಾಸಿನಿಯರ ಬೇರೊಂದು ಸಭೆಯ ಆಸ್ಪತ್ರೆಯಲ್ಲಿ ನರ್ಸು. ಸನ್ಯಾಸಿನಿಯರು ಹೆರಿಗೆ ಮುಟ್ಟಬಾರದು ಅನ್ನುವುದು ಅಲ್ಲಿನ ನಿಯಮ. ಸೂಲಗಿತ್ತಿ ರಜೆ ಹಾಕಿದ ದಿನ ವರಾಂಡದ ಬೆಂಚಿನ ಮೇಲೆ ಒಬ್ಬ ಹೆಂಗಸು ಒಂದೂವರೆ ಗಂಟೆ ನರಳಿದಳು. ಈಕೆ ಬೆಂಚಿನ ಪಕ್ಕ ನಿಂತು ಜಪ ಮಾಡಿದಳು. ಹೆಂಗಸೂ ಹೋದಳು, ಹೊಟ್ಟೆಯ ಕೂಸೂ ಹೋಯಿತು. ಮರುತಿಂಗಳು ಈಕೆ ಆ ಸಭೆ ಬಿಟ್ಟು, ಹೆರಿಗೆ ಮಾಡಿಸುವ ಸನ್ಯಾಸಿನಿಯರದೇ ಒಂದು ಸಭೆ ಕಟ್ಟಿದಳು. ದೇವರ ದನಿ ಕೇಳಿಸಿತು, ಬೆಳಕು ಕಾಣಿಸಿತು ಎಂದೆಲ್ಲ ಪುಸ್ತಕದಲ್ಲಿದೆ. ಹಾಳಾಗಲಿ ಎಂದು ಅದನ್ನು ಬಿಟ್ಟಿದ್ದಳು. ಆದರೆ ಸತ್ತವಳನ್ನು ಬದುಕಿಸಿ ಕೂರಿಸುವುದೇ?

ಸಭೆಯ ಐವತ್ತನೇ ವರ್ಷದ ಪುಸ್ತಕ. ಸಂಜೆ ಪ್ರೆಸ್ಸಿಗೆ ಹೋಗಬೇಕು. ಕೊನೆಯ ಪುಟದಲ್ಲಿ, ಇದೆಲ್ಲ ನಿಜ ಎಂದು ಆಕೆಯ ಸಹಿ ಬೇಕು.

ದೊಡ್ಡ ಮದರ್ ಕೋಲೂರಿಕೊಂಡು, ಈಗ ಸಭೆಯ ಮುಖ್ಯಸ್ಥೆಯಾದ ಚಿಕ್ಕ ಮದರ್ ಕೋಣೆಗೆ ಹೋದಳು. ಎಂಟು ವರ್ಷದ ಹಿಂದಿನವರೆಗೆ ಅದು ತನ್ನದೇ ಕೋಣೆ. ಈ ಚಿಕ್ಕ ಮದರ್ ಹದಿನೆಂಟರಲ್ಲಿ ಬಂದು ಸೇರಿದ ಹುಡುಗಿ. ಹೊಕ್ಕುಳಬಳ್ಳಿ ಕತ್ತರಿಸಲು ಕಲಿಸಿದ್ದೇ ದೊಡ್ಡ ಮದರ್. ಈಗ ಅವಳು ಎದ್ದು ನಿಂತು, ಕುರ್ಚಿ ಎಳೆದು ಕೂರಿಸಿ, ಮೊಣಕಾಲು ನೋವು ಹೇಗಿದೆ, ಎಣ್ಣೆ ಹಚ್ಚಿದಿರಾ ಎಂದು ವಿಚಾರಿಸಿದಳು. ಇವಳು ಮೊಣಕಾಲಿನ ಸುದ್ದಿ ತೆಗೆದರೆ ಮುಗಿಯಿತು, ಮಿಕ್ಕ ಮಾತು ಮುಂದಿನ ವಾರಕ್ಕೆ.

“ಬಿಷಪ್ಪರು ಓದಿ ಒಪ್ಪಿ ಆಗಿದೆ, ದೊಡ್ಡ ಮದರ್.”

“ಅವಳು ಸತ್ತಳು ಕಣೇ.”

“ಬಸುರಿಯರು ಓದೋ ಪುಸ್ತಕ ಅದು. ಮೊದಲನೇ ಪುಟದಲ್ಲೇ ಹೆಣ ಇಡೋದಾ?”

“ಆ ಹೆಣ ಇಲ್ಲದಿದ್ದರೆ ಈ ಮನೇನೂ ಇಲ್ಲ, ನೀನೂ ಇಲ್ಲ.”

ಚಿಕ್ಕ ಮದರ್ ಜಗಳ ಕಾಯುವವಳಲ್ಲ. ಸಿಸ್ಟರುಗಳು ಬರೆದದ್ದನ್ನೆಲ್ಲ ಮೇಲಿನವರು ತಿದ್ದಬೇಕು, ತಿದ್ದಿದ ಮೇಲೆ ಯಾರೂ ಚಕಾರ ಎತ್ತಬಾರದು ಎಂಬ ಮೂವತ್ತೊಂದನೆಯ ನಿಯಮವನ್ನು ಮೆತ್ತಗೆ ನೆನಪಿಸಿದಳು. ಅದನ್ನು ಬರೆದವಳು ದೊಡ್ಡ ಮದರೇ. ಅದರ ಹೆಸರಲ್ಲಿ ಎಷ್ಟು ಹುಡುಗಿಯರ ಕಾಗದ ಹರಿದು ಹಾಕಿದ್ದಳೋ. ಮಾಡಿದ್ದುಣ್ಣೋ ಮಹರಾಯ. ಮೈಯೆಲ್ಲ ಉರಿಯಿತು, ಯಾರ ಮೇಲೆ ಎಂದು ಗೊತ್ತಾಗದೆ ಇನ್ನಷ್ಟು ಉರಿಯಿತು. ಸಹಿ ಸಂಜೆ ನೋಡೋಣ ಎಂದು ಎದ್ದು ಬಂದಳು.

ಹಜಾರದಲ್ಲಿ ಚಿತ್ರಗಾರ ಅದೇ ಸುಳ್ಳನ್ನು ಗೋಡೆ ತುಂಬ ಬರೆಯುತ್ತಿದ್ದ. ಯುವ ಸಿಸ್ಟರ್ ಆಗಲೇ ತಯಾರಾಗಿದ್ದಳು: ನೀಳ ಮೂಗು, ತಲೆಯ ಸುತ್ತ ಪ್ರಭೆ. ತನ್ನ ಮೂಗು ಯಾವ ಕಾಲಕ್ಕೂ ಹಾಗಿರಲಿಲ್ಲ. ಕೈಯಲ್ಲಿದ್ದ ಕೂಸು ಆರು ತಿಂಗಳ ಮಗುವಿನಷ್ಟು ದುಂಡಗಿತ್ತು. ಇದನ್ನು ಹೆತ್ತವಳಂತೂ ಉಳಿದಿರಲಾರಳು ಎಂದು ಆಕೆಗೆ ನಗು ಬಂತು. ಮಲಗಿದ್ದ ಹೆಂಗಸಿನ ಮುಖದ ಜಾಗ ಮಾತ್ರ ಖಾಲಿ.

ಚಿತ್ರಗಾರ ಏಣಿಯಿಂದ ಇಳಿದ. ಇವಳನ್ನು ಕಂಡವರು ನೀವೊಬ್ಬರೇ, ಮುಖ ಹೇಗಿತ್ತು ಹೇಳಿಬಿಡಿ, ಊಟದ ಹೊತ್ತಿಗೆ ಮುಗಿಸಿಬಿಡುತ್ತೇನೆ ಅಂದ.

ಆಕೆ ಗೋಡೆಯ ಹತ್ತಿರ ಸರಿದಳು. ಪುಸ್ತಕ ಹೋದರೆ ಹೋಗಲಿ, ಗೋಡೆ ಸಿಕ್ಕಿತು. ಇಲ್ಲಾದರೂ ಅವಳು ಇದ್ದ ಹಾಗೆ ಇರಲಿ, ಎಲ್ಲರ ಎದುರಿಗೆ ಸಾಯುತ್ತಿರಲಿ. ಕಣ್ಣು ಮುಚ್ಚಿದಳು. ವರಾಂಡ ಬಂತು. ಬೆಂಚು ಬಂತು. ಆ ನರಳಾಟ ಬಂತು. ಮುಖ ಬರಲಿಲ್ಲ. ಬರುವುದಾದರೂ ಎಲ್ಲಿಂದ? ಹೆರುವವಳ ಕಡೆ ಕಣ್ಣೆತ್ತುವುದೂ ಅಲ್ಲಿ ತಪ್ಪಾಗಿತ್ತು. ಒಂದೂವರೆ ಗಂಟೆ ತಲೆ ತಗ್ಗಿಸಿಯೇ ನಿಂತಿದ್ದಳು. ಐವತ್ತು ವರ್ಷ ಯಾರಿಗಾಗಿ ಹೊತ್ತಿ ಉರಿದಳೋ, ಅವಳು ಈಗ ಎದುರಿಗೆ ಬಂದರೂ ಗುರುತು ಸಿಗುವಂತಿರಲಿಲ್ಲ.

“ಪಾದ ಹೇಳ್ತೀನಿ, ಬರೆದುಕೋ,” ಅಂದಳು. “ಹಿಮ್ಮಡಿ ಒಡೆದಿತ್ತು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಕೊನೆಗೆ ಅದೊಂದೇ ಅಲುಗಾಡ್ತಾ ಇತ್ತು.”

“ಪಾದ ಕಾಣೋದಿಲ್ಲ ಮದರ್. ಅಲ್ಲಿ ಬಿಳೀ ಹೊದಿಕೆ ಹಾಕಿಬಿಟ್ಟಿದ್ದೀನಿ.” ಆಕೆಯ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. ಪರವಾಗಿಲ್ಲ, ಮುಖ ಏನೋ ಒಂದು ನಾನೇ ನೋಡಿಕೊಳ್ಳುತ್ತೇನೆ ಎಂದು ಮತ್ತೆ ಏಣಿ ಹತ್ತಿದ.

ಮಧ್ಯಾಹ್ನದ ಗಂಟೆ ಹೊಡೆಯಿತು. ಗಂಟೆ ಹೊಡೆದಾಗ ಎಲ್ಲಿದ್ದರೆ ಅಲ್ಲೇ ಮೊಣಕಾಲೂರಬೇಕು. ಆಕೆ ಗೋಡೆ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಊರಿದಳು. ಹಿಂದೆ ಸಾಲಾಗಿ ಬಂದ ಸಿಸ್ಟರುಗಳೂ ಚಿತ್ರದ ಕಡೆ ಮುಖ ಮಾಡಿ ಊರಿದರು. ಯಾರೋ ಪ್ರಾರ್ಥನೆ ಶುರು ಮಾಡಿದರು.

ಪಾದದ ಮೇಲಿನ ಹೊದಿಕೆ ಆಕೆಯ ಮೂಗಿನ ಎದುರಿಗೇ ಇತ್ತು. ಬಣ್ಣ ಇನ್ನೂ ಹಸಿ.

“ಇವಳನ್ನು ನಗಿಸಲಾ, ಮದರ್?” ಮೇಲಿನಿಂದ ಚಿತ್ರಗಾರ ಪಿಸುಗುಟ್ಟಿದ.

ಆಕೆ ಉಗುರಿನಿಂದ ಹೊದಿಕೆಯನ್ನು ಕೆರೆದಳು. ಬಣ್ಣ ಸುಲಿದು ಬಂತು. ಇನ್ನೂ ಕೆರೆದಳು. ಬಿಳಿಯ ಕೆಳಗೂ ಬಿಳಿಯೇ ಇತ್ತು.