ಪಟಾಲಮ್ಮನ ಓಟು

“ಅಲ್ಲೇ ನಿಂತ್ಕಳೇ ಮುಂಡೆ. ಸಗಣಿ ಕೈ ಇಟ್ಕಂಡು ಮೈಮೇಲೇ ಬತ್ತಾಳೆ.”

ಬೆರಣಿ ತಟ್ಟುತ್ತಿದ್ದ ರಾಮಕ್ಕ ಎದ್ದು ಬಂದದ್ದೇ ದೊಡ್ಡಗೌಡರು ಕೂಗಿದರೆಂದು. ಕೂಗಿದವರೇ ತಡೆದರು. ಅವಳು ನಿಂತಳು. ದೊಡ್ಡಗೌಡ ಮುನಿವೆಂಕಟಪ್ಪನವರು ಕೇರಿಯ ಬಾಯಲ್ಲಿದ್ದ ಹೊಂಗೆಮರ ದಾಟಿ ಒಳಗೆ ಕಾಲಿಟ್ಟವರೇ ಅಲ್ಲ. ಓಟು ಕೇಳುವುದೂ ಆ ಮರದ ನೆರಳಿನಿಂದಲೇ.

“ನಿಮ್ಮವ್ವ ಎದ್ದು ಓಡಾಡ್ತಾಳಾ?”

“ಇಲ್ಲ ಬುದ್ಧಿ. ಗಂಜಿನೂ ಗಂಟಲಾಗೆ ಇಳೀತಿಲ್ಲ.”

“ನಿನ್ ತಮ್ಮ ನನ್ ಜೀತದಾಳು. ತಾಯಿ ಓಟು ನಂದೇ ಆಯ್ತು. ತಕ್ಕಡಿ ಪೆಟ್ಟಿಗೆಗೆ ಬೀಳ್ಬೇಕು. ನಡೆಯಕ್ಕಾಗ್ದಿದ್ರೆ ಚಟ್ಟದ ಮೇಲಾದ್ರೂ ಹೊತ್ಕಂಡ್ ಬನ್ನಿ. ತಿಳೀತಾ?”

ಅವರ ಹಿಂದೆ ನಿಂತಿದ್ದವರು ನಕ್ಕರು. ರಾಮಕ್ಕ “ಆಗ್ಲಿ ಬುದ್ಧಿ” ಎಂದಳು. ಅವರು ಹೋದ ಮೇಲೆ ಮತ್ತೆ ಬೆರಣಿಗೆ ಕೂತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಗಣಿ ಒಣಗಿ ಗಟ್ಟಿಯಾಗಿತ್ತು, ನೀರು ಹಾಕಿ ಕಲಸಿದಳು.

ಮಾಗಡಿ ರಸ್ತೆಯಿಂದ ಕೆಂಗೇರಿಯ ಕಡೆಗೆ ಒಳಕ್ಕೆ ನಡೆದರೆ ಸಿಗುವ ಸೀಗೆಪಾಳ್ಯದಲ್ಲಿ ಐವತ್ತೇಳರ ಚುನಾವಣೆಗೆ ಮುಂಚೆಯೇ ಗೌಡರ ಮನೆ ಒಡೆದಿತ್ತು. ಅಣ್ಣ ಮುನಿವೆಂಕಟಪ್ಪ ತಕ್ಕಡಿ ಗುರುತಿನ ಕಡೆ, ತಮ್ಮ ಚನ್ನಕೇಶವ ಸೈಕಲ್ ಗುರುತಿನ ಕಡೆ. ಆಗೆಲ್ಲ ಒಂದೊಂದು ಗುರುತಿಗೂ ಒಂದೊಂದು ಓಟಿನ ಪೆಟ್ಟಿಗೆ. ಹೊಲ, ಎತ್ತು, ಹುಣಸೆಮರಗಳ ಜೊತೆಗೆ ಕೇರಿಯ ಆಳುಗಳನ್ನೂ ಪಾಲು ಮಾಡಿಕೊಂಡಿದ್ದರು. ರಾಮಕ್ಕನ ಗಂಡ ಕೆಂಪಯ್ಯ ಚನ್ನಕೇಶವನ ಪಾಲಿಗೆ ಬಿದ್ದಿದ್ದ. ಅವನು ಸತ್ತ ಮೇಲೆ ಆ ಪಾಲು ಹೆಂಡತಿಗೆ ಬಂತು. ಅವಳ ತಮ್ಮ ಉಗ್ರಪ್ಪ ದೊಡ್ಡಗೌಡರ ಪಾಲು. ಎರಡೂ ಮನೆಯ ಕೊಟ್ಟಿಗೆ ಬಳಿಯುತ್ತಿದ್ದ ಮುದುಕಿ ಪಟಾಲಮ್ಮನನ್ನು ಪಾಲು ಮಾಡಲು ಯಾರಿಗೂ ನೆನಪಾಗಿರಲಿಲ್ಲ. ಈಗ ಓಟು ಬಂದು ನೆನಪು ಮಾಡಿಸಿತ್ತು.

ಒಡೆಯರು ಮಾತು ಬಿಟ್ಟರೆಂದ ಮೇಲೆ ಆಳುಗಳು ಮಾತಾಡಬಹುದೇ? ಕೇರಿಯೂ ಎರಡು ಹೋಳಾಯಿತು. ತಕ್ಕಡಿಯವರ ಒಲೆಗೆ ಸೈಕಲಿನವರು ಕೆಂಡ ಕೊಡುವಂತಿಲ್ಲ, ಗೊತ್ತಾದ ಮದುವೆಯೊಂದು ಮುರಿದುಬಿತ್ತು. ಉಗ್ರಪ್ಪ ಹೆತ್ತ ತಾಯಿಯನ್ನು ನೋಡಲು ಅಕ್ಕನ ಗುಡಿಸಲಿಗೆ ಹಿತ್ತಲಿಂದ ಕಳ್ಳನ ಹಾಗೆ ನುಸುಳುತ್ತಿದ್ದ. ಕೋಣಗಳು ಗುದ್ದಾಡಿದರೆ ಗಿಡಕ್ಕೆ ಸಾವು ಅನ್ನುತ್ತಾರೆ. ಗುದ್ದಾಟ ನಿಜವೆಂದು ಗಿಡಗಳೂ ನಂಬಿದ್ದವು.

ರಾಮಕ್ಕನಿಗೆ ಓಟಿನ ಚಿಂತೆ ಇರಲಿಲ್ಲ. ಅವಳ ಚಿಂತೆ ದಾರಿಯದು. ಕೇರಿಯ ಹೆಣ ಸುಡುಗಾಡಿಗೆ ಹೋಗುತ್ತಿದ್ದದ್ದು ಊರ ಹೊರಗೆ ಸುತ್ತಿಕೊಂಡು. ಆ ದಾರಿಯನ್ನು ತಮ್ಮ ಹೊಲಕ್ಕೆ ಸೇರಿಸಿಕೊಂಡು ದೊಡ್ಡಗೌಡರು ಕಬ್ಬು ಹಾಕಿ ಮುಳ್ಳುಬೇಲಿ ಬಡಿದಿದ್ದರು. ಉಳಿದದ್ದು ಊರೊಳಗಿನ ಬೀದಿ. ಆ ಬೀದಿಯಲ್ಲಿ ಕೇರಿಯ ಹೆಣ ಎಂದೂ ಹೋಗಿದ್ದಿಲ್ಲ. ಅವ್ವ ಹೋದರೆ ಎಲ್ಲಿ ಮಣ್ಣು ಮಾಡುವುದು?

ಚನ್ನಕೇಶವನನ್ನು ಕೇಳಿದ್ದಳು. ಅವನು ಬೆಂಗಳೂರಿನಲ್ಲಿ ಓದಿದವನು, ಬಿಳಿ ಜುಬ್ಬಾದವನು. ಭಾಷಣದಲ್ಲಿ ‘ನನ್ನ ತಾಯಂದಿರೇ’ ಎನ್ನುತ್ತಿದ್ದ.

“ಜಾತಿ ಗೀತಿ ಎಲ್ಲಾ ಹಳೇ ಕಾಲದ್ದು ರಾಮಕ್ಕ, ನಾನು ನಂಬೋನಲ್ಲ. ಆದ್ರೆ ಬೇಲಿ ಅಣ್ಣಂದು. ಅವನ ಹತ್ರ ನಾನ್ ಮಾತಾಡಲ್ಲ. ಎಲೆಕ್ಷನ್ ಮುಗೀಲಿ, ನೋಡಾಣ. ನಿಮ್ಮವ್ವ ಇರೋದು ನನ್ ಆಳಿನ ಮನೇಲಿ, ಓಟು ಸೈಕಲ್ಲಿಗೆ ಬಿತ್ತು ತಾನೆ?”

ಮಾತಾಡುತ್ತಲೇ ಅವನ ಆಳು ರಾಮಕ್ಕನ ಬೊಗಸೆಗೆ ಎತ್ತರದಿಂದ ನೀರು ಹುಯ್ದ. ಕುಡಿದು ಬಂದಳು.

ಎಲೆಕ್ಷನ್ ದಿನ ಕೋಳಿ ಕೂಗುವ ಹೊತ್ತಿಗೆ ಪಟಾಲಮ್ಮ ಕಣ್ಣು ಬಿಟ್ಟು, “ಕೊಟ್ಟಿಗೆ ಬಳಿದ್ರಾ?” ಎಂದಳು. “ಹೂಂ ಕಣವ್ವ, ಬಳಿದ್ವಿ” ಎಂದು ರಾಮಕ್ಕ ಸುಳ್ಳು ಹೇಳಿದಳು. ಮುದುಕಿಯ ಎಡಗೈ ಚಾಪೆಯಿಂದ ಆಚೆಗೆ ಚಾಚಿಕೊಂಡಿತು. ಆಮೇಲೆ ಅಲ್ಲಾಡಲಿಲ್ಲ.

ರಾಮಕ್ಕ ಅಳಲು ಬಾಯಿ ತೆರೆದದ್ದೇ, ರಾತ್ರಿಯೆಲ್ಲ ಹಿತ್ತಲಲ್ಲಿ ಕಾದಿದ್ದ ಉಗ್ರಪ್ಪ ನುಗ್ಗಿ ಅವಳ ಬಾಯಿ ಮುಚ್ಚಿದ.

“ಅಳಬ್ಯಾಡ ಅಕ್ಕ. ಇವತ್ತು ಓಟು. ಮೊದ್ಲು ಗೌಡ್ರಿಗೆ ತಿಳಿಸ್ತೀನಿ.”

ಹೋಗಿ ಬಂದವನು ಬಾಗಿಲ ಬಳಿ ತಲೆ ತಗ್ಗಿಸಿ ಕುಕ್ಕರಿಸಿದ. “ಪೆಟ್ಟಿಗೆಗೆ ಮುದ್ರೆ ಬೀಳೋಗಂಟ ಅಳಂಗಿಲ್ಲವಂತೆ, ತಮಟೆ ಬಡಿಯಂಗಿಲ್ಲವಂತೆ. ಸೂತಕ ಅಂದ್ಕಂಡು ಕೇರಿಯೋರು ಓಟಿಗೆ ಬರ್ದೆ ಹೋದ್ರೆ ನನ್ ಚರ್ಮ ಸುಲೀತಾರಂತೆ.”

“ದಾರಿ?”

“ಕೇಳ್ದೆ. ಕೆನ್ನೆಗೆ ಬಿಟ್ರು.”

ಅವನ ಕೆನ್ನೆ ಕೆಂಪಗಿತ್ತು. ರಾಮಕ್ಕ ಸೆರಗು ಕೊಡವಿ ಎದ್ದಳು. ದೊಡ್ಡೋರು ಆಗದಿದ್ದರೆ ಚಿಕ್ಕೋರು. ತನ್ನ ಒಡೆಯ ಅವನೇ ತಾನೆ? ಹೆಣ ಎತ್ತುವವರೆಗೂ ಒಲೆ ಹಚ್ಚುವಂತಿಲ್ಲ, ಕೇರಿಯ ಮಕ್ಕಳು ಸಂಜೆಯವರೆಗೂ ಹಸಿದಿರಬೇಕು ಎಂದಾದರೂ ಹೇಳಿ ನೋಡೋಣ ಎಂದು ಹೊರಟಳು.

ಪಾಲಾದ ಮೇಲೆ ದೊಡ್ಡಮನೆಯ ನಡುವೆ ಗೋಡೆ ಎದ್ದಿತ್ತು. ಬೀದಿಯ ಕಡೆ ಎರಡು ಬಾಗಿಲು, ಎರಡು ಬಾವುಟ. ಕೇರಿಯವರು ಬರಬೇಕಾದದ್ದು ಹಿತ್ತಲಿಗೆ, ಅದೂ ಕರೆದರೆ ಮಾತ್ರ. ಅವತ್ತು ಯಾರೂ ಕರೆದಿರಲಿಲ್ಲ. ಬಾಳೆಗಿಡಗಳ ಹಿಂದೆ ನಿಂತು ನೋಡಿದರೆ ಅಡುಗೆಮನೆಯ ಹತ್ತಿರ ಆ ನಡುಗೋಡೆಯೇ ಇರಲಿಲ್ಲ. ಹಜಾರದಲ್ಲಿ ಅಣ್ಣ ತಮ್ಮ ಮಗ್ಗುಲಿಗೆ ಮಗ್ಗುಲು ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ದೊಡ್ಡಗೌಡರ ಹೆಂಡತಿ ಮೈದುನನ ಎಲೆಗೆ ತುಪ್ಪ ಹಾಕುತ್ತಿದ್ದಳು.

“ನಿನ್ ಸೈಕಲ್ ಗೆದ್ರೆ ಮೇನ್ ರೋಡಿಂದ ನಮ್ಮ ಗಾಣದವರೆಗೂ ರಸ್ತೆ ಹಾಕಿಸ್ಬಿಡು,” ಎನ್ನುತ್ತಿದ್ದರು ದೊಡ್ಡಗೌಡರು.

“ತಕ್ಕಡಿ ಗೆದ್ರೆ ನೀನ್ ಹಾಕ್ಸು. ಯಾರ್ ಗೆದ್ರೆ ಏನು, ಗಾಣ ನಮ್ದೇ ಅಲ್ವಾ ಅಣ್ಣ?”

ಇಬ್ಬರೂ ನಕ್ಕರು. ರಾಮಕ್ಕ ಕೆಮ್ಮಿದಳು. ನಗು ನಿಂತಿತು.

“ಯಾವಳೇ ಅದು?” ಎಂದರು ದೊಡ್ಡಗೌಡರು. ಗುರುತು ಸಿಕ್ಕಿದ ಮೇಲೆ, “ನಿಮ್ಮವ್ವಂಗೆ ಇನ್ನೊಂದ್ ದಿವ್ಸ ತಡದು ಸಾಯಕ್ಕೇನಾಗಿತ್ತೇ ಬೋಸುಡಿ?”

“ದಾರಿ ಬೇಕಾಗಿತ್ತು ಬುದ್ಧಿ. ಬೇಲೀನ ಒಂದೀಟು ಸರಿಸಿದ್ರೆ...”

“ಕಬ್ಬು ಕಡಿಯೋ ಮುಂಚೆ ಹೆಣ ನುಗ್ಗಿಸ್ತೀಯಾ ಅದರಾಗೆ? ಆ ಕಬ್ಬಿನ ಬೆಲ್ಲ ದೇವರಿಗೆ ಹೋಗ್ಬೇಕು.”

ಚನ್ನಕೇಶವ ಮೆತ್ತಗೆ ಹೇಳಿದ: “ಸಂಜೆಗೆ ಓಟು ಮುಗಿದ್ಹೋಗುತ್ತೆ ರಾಮಕ್ಕ. ಅಷ್ಟೊತ್ತಿನವರೆಗೂ ಬಾಗ್ಲು ಹಾಕ್ಕಂಡಿರಿ. ಊರ ಬೀದೀಲಿ ಹೆಣ ಬಂತು ಅಂದ್ರೆ ನಮ್ಮೋರು ಮನೆ ಬಿಟ್ಟು ಈಚೆಗೇ ಬರಲ್ಲ, ಓಟೆಲ್ಲಾ ಹಾಳಾಗುತ್ತೆ. ಕತ್ತಲಾದ್ಮೇಲೆ ಕೆರೆ ಹಿಂದೆ ಎಲ್ಲಾದ್ರೂ ಹೂಳಿ. ಇಲ್ಲಿ ನೋಡಿದ್ದನ್ನ ಆಡ್ಕೊಂಡು ತಿರುಗಬೇಡ.”

ದೊಡ್ಡಗೌಡರ ಹೆಂಡತಿ, “ಪಾಪ, ಹಸ್ಕಂಡಿರ್ತೀಯ, ಸೆರಗೊಡ್ಡು” ಎಂದು ಮಿಕ್ಕ ಉಪ್ಪಿಟ್ಟನ್ನು ಜಗಲಿಯ ಮೇಲಿಂದ ಎಸೆದಳು. ಒಡ್ಡಿ ಒಡ್ಡಿ ಅಭ್ಯಾಸವಾಗಿದ್ದ ಸೆರಗು ತಾನಾಗಿ ಒಡ್ಡಿಕೊಂಡಿತು.

ಕೇರಿಗೆ ಬರುವವರೆಗೂ ಉಪ್ಪಿಟ್ಟು ಹೊಟ್ಟೆಗೆ ಬೆಚ್ಚಗೆ ತಾಗುತ್ತಿತ್ತು. ಹೆತ್ತವಳು ಸತ್ತ ಮನೆಗೆ ಅನ್ನ ಕಟ್ಟಿಕೊಂಡು ಬಂದವಳು ತಾನೊಬ್ಬಳೇ ಇರಬೇಕು ಎನಿಸಿತು. ಅದಕ್ಕೂ ಅಳು ಬರಲಿಲ್ಲ. ನಾಯಿಗೆ ಸುರಿದು ಒಳಗೆ ಹೋದಳು.

“ಇಬ್ರೂ ಒಂದೇ ಸಾಲ್ನಾಗೆ ಕುಂತು ತಿಂತಾವ್ರೆ ಕಣ್ಲಾ ಉಗ್ರ,” ಎಂದಳು.

“ಯಾರು?”

“ನಿನ್ ಬುದ್ಧೀನೂ ನನ್ ಬುದ್ಧೀನೂ. ಅತ್ತಿಗೆ ತುಪ್ಪ ಹಾಕ್ತಾವ್ಳೆ. ನಗಾಡ್ತಾವ್ರೆ.”

ಅವ್ವ ಕಾಯಿಲೆ ಬಿದ್ದಾಗಿನಿಂದ ಹಿತ್ತಲಿನಲ್ಲಿ ನುಸುಳಿ ನುಸುಳಿ ಉಗ್ರಪ್ಪನ ಮೊಣಕೈಯೆಲ್ಲ ಕತ್ತಾಳೆಯ ಗೀರು. ಆ ಗೀರುಗಳನ್ನು ಒಮ್ಮೆ ಸವರಿಕೊಂಡ. ಮಚ್ಚು ತೆಗೆದುಕೊಂಡು ಎದ್ದು ಹೋದ. ತಿರುಗಿ ಬಂದಾಗ ಹೆಗಲ ಮೇಲೆ ಹಸಿ ಬಿದಿರಿತ್ತು. ದೊಡ್ಡಗೌಡರ ಮೆಳೆಯದು.

ಚಟ್ಟ ಕಟ್ಟುವಾಗ ಪಟಾಲಮ್ಮನ ಎಡಗೈ ಮಡಿಚಲಿಲ್ಲ. ಅವರ ಮಾತು, ಇವರ ಮಾತು ಎಂದು ಓಡಾಡುವುದರಲ್ಲಿ ಕೈಕಾಲು ಸರಿಮಾಡುವ ಹೊತ್ತು ಮೀರಿತ್ತು. ಕೈ ಹಗ್ಗದ ಆಚೆಗೆ ಚಾಚಿಕೊಂಡೇ ಉಳಿಯಿತು. ತಮಟೆ ಬಡಿಯುವ ಮುದುಕ ಮುನಿರಾಮಯ್ಯ ಸೈಕಲಿನವರ ಪಾಲು, ಉಗ್ರಪ್ಪನ ಜೊತೆ ಮಾತು ಬಿಟ್ಟಿದ್ದವನು. ತಾನಾಗಿ ಬಂದು ತಮಟೆಯನ್ನು ಬೆನ್ನಿಗೆ ಇಳಿಬಿಟ್ಟುಕೊಂಡು ಒಂದು ತುದಿ ಹಿಡಿದ. ಉಳಿದವರು ಹೆದರಿ ದೂರ ನಿಂತರು. ಇನ್ನೊಂದು ತುದಿಗೆ ಉಗ್ರಪ್ಪ, ಮತ್ತೊಂದಕ್ಕೆ ಅವನ ಹೆಂಡತಿ. ನಾಲ್ಕನೆಯದು ರಾಮಕ್ಕನ ಹೆಗಲು.

“ಹೆಂಗಸ್ರು ಹೆಣ ಹೊರಬಾರ್ದು ಕಣವ್ವಾ,” ಎಂದಳು ಯಾರೋ ಮುದುಕಿ.

“ಸಗಣಿ ಹೊರಬೌದಾ?” ಎಂದಳು ರಾಮಕ್ಕ.

ಊರ ಬೀದಿಗೆ ಚಟ್ಟ ಬಂತು. ತಮಟೆಯಿಲ್ಲ, ಅಳುವಿಲ್ಲ. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಜಗಲಿಯ ಮೇಲಿದ್ದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಒಳಗೋಡಿದಳು. ತಮ್ಮ ನೆರಳು ಯಾರ ಗೋಡೆಯ ಮೇಲೆ ಬೀಳುತ್ತಿದೆಯೆಂದು ರಾಮಕ್ಕ ನೋಡಲಿಲ್ಲ. ಭಾರಕ್ಕೆ ಹೆಗಲು ಉರಿಯುತ್ತಿತ್ತು. ಅವ್ವ ಇಷ್ಟು ಭಾರ ಇದ್ದಳೇ ಎಂದುಕೊಂಡಳು.

ಓಟು ನಡೆಯುತ್ತಿದ್ದದ್ದು ಇಸ್ಕೂಲಿನಲ್ಲಿ. ಊರಿನವರ ಸಾಲು ನೆರಳಲ್ಲಿತ್ತು. ಅವರದ್ದು ಮುಗಿದ ಮೇಲೆ ಕೇರಿಯವರದು. ಬೆಂಗಳೂರಿನಿಂದ ಬಂದಿದ್ದ ಆಫೀಸರು ಪದ್ಮನಾಭ ಬಾಗಿಲ ಹತ್ತಿರವೇ ಮೇಜು ಹಾಕಿಕೊಂಡಿದ್ದ. ಅವನಿಗೆ ಊಟ ದೊಡ್ಡಮನೆಯಿಂದ ಬರುತ್ತಿತ್ತು. ಊರವರ ಬೆರಳು ಹಿಡಿದು ಮಸಿ ಹಚ್ಚುತ್ತಿದ್ದ. ಬೆಳಿಗ್ಗೆ ಗದ್ದಲವಾಗುವ ಮೊದಲೇ ಬಂದುಹೋದ ಕೇರಿಯ ಒಬ್ಬಿಬ್ಬರಿಗೆ ಮಾತ್ರ ಮೇಲಿನಿಂದ ಹನಿ ಬಿಟ್ಟಿದ್ದ. ಬಾಗಿಲ ಆಚೀಚೆ ಬೆನ್ನು ತಿರುಗಿಸಿಕೊಂಡು ಕೂತಿದ್ದ ಅಣ್ಣ ತಮ್ಮಂದಿರು ಚಟ್ಟ ಕಂಡು ಒಟ್ಟಿಗೇ ಎದ್ದರು.

ರಾಮಕ್ಕ ಬಾಗಿಲಿಗೆ ಅಡ್ಡವಾಗಿ ಚಟ್ಟ ಇಳಿಸಿದಳು. ಸಾಲು ಚದುರಿತು. ಒಳಗೆ ಓಟು ಹಾಕುತ್ತಿದ್ದ ಪೂಜಾರಿ ಹೊರಗೆ ಬರಲಾರದೆ ಪರದೆಯ ಹತ್ತಿರವೇ ನಿಂತ.

“ಏನಮ್ಮ ಇದು?” ಎಂದ ಪದ್ಮನಾಭ.

“ನಮ್ಮವ್ವ ಸಾಮಿ. ಪಟಾಲಮ್ಮ. ನಡೆಯಕ್ಕಾಗ್ದಿದ್ರೆ ಚಟ್ಟದ ಮೇಲಾದ್ರೂ ಹೊತ್ಕಂಡ್ ಬನ್ನಿ ಅಂದಿದ್ರು ಬುದ್ಧಿಯೋರು. ತಂದಿದೀವಿ. ಬೆರಳಿಗೆ ಮಸಿ ಹಾಕಿ.”

“ಸತ್ತೋರಿಗೆ ಓಟಿಲ್ಲಮ್ಮ. ತಗೊಂಡ್ ಹೋಗಿ.”

“ದಾರಿ ಇಲ್ಲ ಸಾಮಿ.”

ಹಾಗೆಂದು ಅವಳು ಚಟ್ಟದ ಪಕ್ಕ ಕೂತಳು. ದೊಡ್ಡಗೌಡರು ಕಬ್ಬಿಣದ ತುದಿಯ ಕೋಲು ಕುಟ್ಟಿ, “ಎತ್ರಲೇ ಅದನ್ನ, ಸೂಳೆಮಕ್ಕಳ್ರಾ” ಎಂದರು. ಅವರ ಜೊತೆಗಿದ್ದ ಊರವರೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿದರು. ಚನ್ನಕೇಶವ ತನ್ನ ಕಡೆಯ ಹುಡುಗರನ್ನು ನೋಡಿದ. ಅವರು ನೆಲ ನೋಡಿದರು. ಪದ್ಮನಾಭ ಪೊಲೀಸಿನವನನ್ನು ಕರೆದ.

“ನಾನ್ ಮುಟ್ಟಲ್ಲ ಸಾರ್. ನನಗೂ ಹೆಂಡ್ತಿ ಮಕ್ಕಳವ್ರೆ, ಮನೇಲಿ ಸೇರ್ಸಲ್ಲ.”

ಊರು ಊರೇ ನಿಂತಿತ್ತು. ಹೆಣ ಎತ್ತಬಲ್ಲ ಕೈಗಳು ಕೇರಿಯವರವು ಮಾತ್ರ.

“ಉಗ್ರ, ಎತ್ತೋ,” ಎಂದರು ದೊಡ್ಡಗೌಡರು. ಬೆಳಿಗ್ಗೆ ಹೊಡೆದ ಕೈಯೇ ಮೇಲೆದ್ದಿತು. ಆದರೆ ಅವನೀಗ ಹೆಣ ಹೊತ್ತವನು, ಮುಟ್ಟುವಂತಿರಲಿಲ್ಲ. ಕೈ ಗಾಳಿಯಲ್ಲೇ ನಿಂತು ಕೆಳಗಿಳಿಯಿತು. ಉಗ್ರಪ್ಪ ಅದನ್ನು ನೋಡಿದ. ನೋಡಿ, ಅವ್ವನ ಕಾಲ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತ.

“ಅಣ್ಣಾ, ಬೇಲಿ ತೆಗಿಸ್ತೀನಿ ಅಂದ್ಬಿಡು, ಹೊತ್ತಾಗ್ತಿದೆ,” ಎಂದ ಚನ್ನಕೇಶವ.

ಆ ಮಾತು ಎಲ್ಲರಿಗೂ ಕೇಳಿಸಿತು. ಅಂಗಳದಾಚೆಯ ಹುಣಸೆಮರದ ಕೆಳಗೆ ಸರದಿ ಕಾಯುತ್ತ ಎರಡು ಗುಂಪಾಗಿ ನಿಂತಿದ್ದ ಕೇರಿಯವರಿಗೂ ಕೇಳಿಸಿತು. ಈ ಅಣ್ಣ ತಮ್ಮ ಮಾತು ಬಿಟ್ಟರೆಂದು ಅವರು ಒಬ್ಬರಿಗೊಬ್ಬರು ಕೆಂಡ ಕೊಟ್ಟಿರಲಿಲ್ಲ. ಮೊದಲು, ಮದುವೆ ಮುರಿದುಕೊಂಡಿದ್ದ ಹುಡುಗನ ಮನೆಯ ಹೆಂಗಸು ಬಂದು ರಾಮಕ್ಕನ ಪಕ್ಕ ಕೂತಳು. ಆಮೇಲೆ ಹುಡುಗಿಯ ಮನೆಯವರು. ಆಮೇಲೆ ಉಳಿದವರು, ಒಬ್ಬೊಬ್ಬರಾಗಿ.

“ಆಯ್ತು, ತೆಗಿಸ್ತೀನಿ. ಎತ್ರಪ್ಪ,” ಎಂದರು ದೊಡ್ಡಗೌಡರು. ‘ಅಪ್ಪ’ ಎನ್ನುವ ಮಾತನ್ನು ಅವರ ಬಾಯಿಂದ ಕೇರಿ ಕೇಳಿದ್ದು ಅದೇ ಮೊದಲು.

ಯಾರೂ ಏಳಲಿಲ್ಲ. ಮುನಿರಾಮಯ್ಯ ಬೆನ್ನಿಂದ ತಮಟೆ ಬಿಚ್ಚಿದ. ಅಂಗಳದ ಒಣಹುಲ್ಲು ಬಳಿದು ಗುಡ್ಡೆ ಹಾಕಿ ಬೆಂಕಿ ಕೊಟ್ಟು, ಸಡಿಲಾಗಿದ್ದ ಚರ್ಮವನ್ನು ನಿಧಾನವಾಗಿ ಕಾಯಿಸತೊಡಗಿದ. ಹೊಗೆ ಓಟಿನ ಕೋಣೆಗೆ ನುಗ್ಗಿತು. ತಕ್ಕಡಿಯ ಪೆಟ್ಟಿಗೆಯ ಹತ್ತಿರ ನಿಂತಿದ್ದ ಪೂಜಾರಿ ಕೆಮ್ಮುತ್ತಿದ್ದ.

ಈಗಲಾದರೂ ಅಳು ಬರಬಹುದೆಂದು ರಾಮಕ್ಕ ಕಾದಳು. ಬರಲಿಲ್ಲ. ಪದ್ಮನಾಭ ಮಸಿಯ ಕಡ್ಡಿ ಹಿಡಿದುಕೊಂಡೇ ನಿಂತಿದ್ದ, ಕಡ್ಡಿಯ ತುದಿಯಿಂದ ಹನಿಯೊಂದು ಅವನ ಪಂಚೆಯ ಮೇಲೆ ಬಿತ್ತು. ಅವನ ಮುಂದೆ ಪಟಾಲಮ್ಮನ ಕೈ, ಉಗುರಿನಲ್ಲಿ ಎರಡೂ ಕೊಟ್ಟಿಗೆಗಳ ಸಗಣಿ ಇಟ್ಟುಕೊಂಡು, ಚಾಚಿಕೊಂಡೇ ಇತ್ತು.